ವಂಶಾವಳಿಯಲ್ಲಿ ಹೆಸರು, ಲೆಕ್ಕದಲ್ಲಿ ಬಾಳು: ಸಾಮಾನ್ಯ ಪೂರ್ವಿಕರ ಚರಿತ್ರೆಗೆ ಮನೆಯ ಕಾಗದಪತ್ರಗಳು

ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲೋ ದೇವರ ಕೋಣೆಯ ಪೆಟ್ಟಿಗೆಯಲ್ಲೋ ಬಟ್ಟೆ ಸುತ್ತಿದ ಕಾಗದಪತ್ರಗಳ ಕಟ್ಟು ಇನ್ನೂ ಸಿಗುತ್ತದೆ. ಅದನ್ನು ಬಿಚ್ಚಿದವರು ಮೊದಲು ವಂಶಾವಳಿಯನ್ನು ಹುಡುಕುತ್ತಾರೆ, ಆಮೇಲೆ ಇನಾಮಿನ ಸನದನ್ನು. ಇವೆರಡೂ ಇಲ್ಲವೆಂದರೆ ಕಟ್ಟಿನಲ್ಲಿ ಏನೂ ಇಲ್ಲವೆಂದು ತೀರ್ಮಾನವಾಗುತ್ತದೆ. ಸಾಲಪತ್ರ, ಭೋಗ್ಯಪತ್ರ, ಗುತ್ತಿಗೆಯ ಕರಾರು, ಮದುವೆಯ ಖರ್ಚಿನ ಪಟ್ಟಿ, ಮುಯ್ಯಿಯ ಲೆಕ್ಕ, ಉತ್ತರಕ್ರಿಯೆಗೆ ತಂದ ಸಾಮಾನಿನ ಚೀಟಿ ಇವೆಲ್ಲ ಚರಿತ್ರೆಯ ಆಕರಗಳೆಂದು ಎಣಿಕೆಗೇ ಬರುವುದಿಲ್ಲ. ಪ್ರಸ್ತುತ ಲೇಖನದ ವಾದ ಇದಕ್ಕೆ ವಿರುದ್ಧವಾದದ್ದು. ಅರಸನೂ ಅಲ್ಲದ, ಕವಿಯೂ ಅಲ್ಲದ, ಶಾಸನದಲ್ಲಿ ಹೆಸರು ಕೆತ್ತಿಸಿಕೊಳ್ಳದ ಒಬ್ಬ ರೈತನ ಅಥವಾ ಗೃಹಿಣಿಯ ಬಾಳು ವಂಶಾವಳಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಕೊಟ್ಟದ್ದು, ಕೊಂಡದ್ದು, ತೀರಿಸದೆ ಉಳಿದದ್ದು ಬರೆದಿಟ್ಟ ಲೆಕ್ಕಗಳಲ್ಲಿ.

ವಂಶಾವಳಿಯನ್ನು ತಳ್ಳಿಹಾಕುವ ಉದ್ದೇಶ ಇಲ್ಲಿಲ್ಲ. ಕುಲದ ನೆನಪನ್ನು ಕಾಯುವುದನ್ನೇ ಕಸುಬಾಗಿಸಿಕೊಂಡ ಹೆಳವರು ನಮ್ಮ ನಾಡಿನ ಹೆಮ್ಮೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರಿಗೆ ಬಂದು, ಮನೆಮನೆಯ ಮುಂದೆ ಆಯಾ ಕುಟುಂಬದ ಚರಿತ್ರೆಯನ್ನು ಹೇಳುತ್ತಿದ್ದ ಅವರನ್ನು ಎಡ್ಗರ್ ಥರ್ಸ್ಟನ್ 1909ರಲ್ಲೇ ದಾಖಲಿಸಿದ್ದಾನೆ. ಮೂಲ ಊರು ಯಾವುದು, ಅಲ್ಲಿಂದ ಹೊರಟವರು ಯಾರು, ಮನೆದೇವರು ಯಾವುದು, ಬೆಡಗು ಯಾವುದು ಎಂಬುದಕ್ಕೆ ಅನೇಕ ಒಕ್ಕಲು ಮನೆತನಗಳಿಗೆ ಹೆಳವರ ಮಾತಿಗಿಂತ ಹಳೆಯ ಆಧಾರವೇ ಇಲ್ಲ. ಆದರೆ ಹೆಳವರು ಹೇಳುವುದು ಮನೆತನದ ಮಾನ ಹೆಚ್ಚಿಸಲು, ಮನೆಯವರ ಎದುರಿಗೇ. ಊರು ಬಿಟ್ಟದ್ದಕ್ಕೆ ಅಲ್ಲಿ ಸಿಗುವ ಕಾರಣ ಸಾಮಾನ್ಯವಾಗಿ ಛಲ, ಜಗಳ, ದೈವದ ಅಪ್ಪಣೆ. ಸಾಲ ತೀರಿಸಲಾಗದೆ ಊರು ಬಿಟ್ಟವನ ಕಥೆಯನ್ನು ಅವನ ಮೊಮ್ಮಕ್ಕಳ ಅಂಗಳದಲ್ಲಿ ನಿಂತು ಹೇಳುವವರು ವಿರಳ. ಹೆಣ್ಣುಮಕ್ಕಳ ಹೆಸರುಗಳಂತೂ ತಂದೆಯಿಂದ ಮಗನಿಗೆ ಇಳಿಯುವ ಆ ಸಾಲಿನಲ್ಲಿ ಬಹುತೇಕ ನಿಲ್ಲುವುದೇ ಇಲ್ಲ.

ಲೆಕ್ಕದ ಪತ್ರಗಳು ಬೇರೆ ಬಗೆಯವು. ಅವುಗಳನ್ನು ಬರೆದವರಿಗೆ ಮುಂದಿನ ಪೀಳಿಗೆ ಏನೆಂದುಕೊಂಡೀತೆಂಬ ಯೋಚನೆ ಇರಲಿಲ್ಲ. ಆದ್ದರಿಂದಲೇ ಅವುಗಳ ಸಾಕ್ಷ್ಯಕ್ಕೆ ತೂಕ ಹೆಚ್ಚು. ಮೈಸೂರು ಸೀಮೆ ಮತ್ತು ಮಲೆನಾಡಿನಲ್ಲಿ ಈ ಲೆಕ್ಕಗಳು ಕಡತಗಳಲ್ಲಿದ್ದವು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರು ಚರಿತ್ರೆಯಲ್ಲಿ ಇದನ್ನು ವಿವರಿಸಿ, ಬಾಳಿಕೆಯನ್ನು ಮೆಚ್ಚಿಕೊಂಡಿದ್ದಾನೆ. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಪರಿಚಿತ. ಒಂದು ಎಚ್ಚರ ಮಾತ್ರ ಅಗತ್ಯ. ಕಡತದ ಬರಹವನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಹಾಗಾಗಿ ಪಕ್ಕಪಕ್ಕದ ಎರಡು ಬಾಬುಗಳು ಒಂದೇ ಕಾಲದವೆಂದು ನಂಬುವ ಮೊದಲು ಕೈಬರಹ, ಬಳಪದ ದಪ್ಪ, ಹಿಂದಿನ ಅಕ್ಷರಗಳ ಉಳಿದ ನೆರಳು ಇವನ್ನು ಓರೆ ಬೆಳಕಿನಲ್ಲಿ ನೋಡಬೇಕು.

ಉತ್ತರ ಕರ್ನಾಟಕದ ಸಮಸ್ಯೆ ಲಿಪಿಯದು. ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳಲ್ಲಿ ಪೇಶ್ವೆಯರ ಕಾಲದ ಹಾಗೂ ಅನಂತರದ ಎಷ್ಟೋ ಪತ್ರಗಳು ಮರಾಠಿಯ ಮೋಡಿ ಲಿಪಿಯಲ್ಲಿವೆ. ಮನೆಯವರೆಲ್ಲ ಕನ್ನಡಿಗರಾಗಿದ್ದರೂ ತಮ್ಮ ಅಜ್ಜನ ಹೊಲದ ಪತ್ರವನ್ನು ಓದಲಾರರು. ಮೋಡಿ ಬಲ್ಲವರ ಸಂಖ್ಯೆ ಕುಗ್ಗುತ್ತಿರುವುದು ಈ ಕ್ಷೇತ್ರದ ಅತಿ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಇನ್ನು ಕಾಲನಿರ್ಣಯ. ಮನೆಯ ಪತ್ರಗಳಲ್ಲಿ ಎಷ್ಟೋ ಸಲ ಶಕವರ್ಷವಿರದೆ ಸಂವತ್ಸರ, ಮಾಸ, ತಿಥಿ ಮಾತ್ರ ಇರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಧಾತು ಎಂದರೆ 1816–17 ಆಗಬಹುದು, 1876–77 ಆಗಬಹುದು, 1936–37 ಕೂಡ ಆಗಬಹುದು. ಯುಗಾದಿಯಿಂದ ಸಂವತ್ಸರ ಆರಂಭವಾದ್ದರಿಂದ ಮಾಘ ಮಾಸ ಇಂಗ್ಲಿಷ್ ಲೆಕ್ಕದಲ್ಲಿ ಮರುವರ್ಷಕ್ಕೆ ಬೀಳುತ್ತದೆ. ಸರ್ಕಾರಿ ಕಂದಾಯದ ಕಾಗದಗಳು ಜುಲೈನಿಂದ ಶುರುವಾಗುವ ಫಸಲಿಯನ್ನು ಬಳಸುತ್ತವೆ. ಫಸಲಿ 1300 ಎಂದರೆ 1890–91. ತಿಥಿಯ ಜೊತೆಗೆ ವಾರವೂ ಇದ್ದರೆ ಪರಿಹಾರ ಸುಲಭ. ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಳಕೃಷ್ಣ ದೀಕ್ಷಿತರು 1896ರಲ್ಲಿ ಹೊರತಂದ ಪಂಚಾಂಗ ಗಣಿತದ ಕೋಷ್ಟಕಗಳು 1900ರವರೆಗಿನ ವರ್ಷಗಳಿಗೆ ಸಾಕು. ವಾರವಿಲ್ಲದಿದ್ದರೆ ಪತ್ರದ ಒಳಗಿನ ಸಾಕ್ಷ್ಯಕ್ಕೆ ಮೊರೆಹೋಗಬೇಕು.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುವುದು ಒಳ್ಳೆಯದು. ಹಳೆ ಮೈಸೂರಿನ ಒಬ್ಬ ರೈತ ಧಾತು ಸಂವತ್ಸರದ ಮಾಘದಲ್ಲಿ ತನ್ನ ಗದ್ದೆಗೆ ಭೋಗ್ಯಪತ್ರ ಬರೆದುಕೊಟ್ಟಿದ್ದಾನೆ ಎಂದಿಟ್ಟುಕೊಳ್ಳೋಣ. ಪತ್ರದಲ್ಲಿ ಗದ್ದೆಯ ಸರ್ವೆ ನಂಬರು ಇದೆ. ಮೈಸೂರಿನಲ್ಲಿ ಕಂದಾಯದ ಮೋಜಣಿ ಆರಂಭವಾದದ್ದು 1863ರಲ್ಲಿ. ಆದ್ದರಿಂದ ಪತ್ರ 1817ರದ್ದಲ್ಲ. ಬರೆದುಕೊಟ್ಟವನ ಮಗ 1890ರ ದಶಕದ ಖಾತೆಯಲ್ಲಿ ಸ್ವತಂತ್ರ ಖಾತೆದಾರನಾಗಿ ಕಾಣುತ್ತಾನೆಂದರೆ 1937 ಕೂಡ ಹೊಂದುವುದಿಲ್ಲ. ಉಳಿಯುವುದು 1877ರ ಆರಂಭ. ಆಗ ಆ ಒಂದು ಹಾಳೆಯ ಅರ್ಥವೇ ಬದಲಾಗುತ್ತದೆ. 1875ರಲ್ಲೇ ಮಳೆ ಕೈಕೊಟ್ಟು, 1876ರಲ್ಲಿ ಮತ್ತೆ ಸೋತು, ಜನರ ನಾಲಗೆಯ ಮೇಲೆ ಧಾತು–ಈಶ್ವರದ ಬರವೆಂದು ಉಳಿದ ಮಹಾಕ್ಷಾಮ ಅದು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಮಾಘದಲ್ಲಿ ಗದ್ದೆಯನ್ನು ಭೋಗ್ಯಕ್ಕೆ ಬಿಟ್ಟವನು ಮಕ್ಕಳ ಹೊಟ್ಟೆಗೆ ಕಾಳು ತರಲು ಹೆಣಗುತ್ತಿದ್ದನೆಂದು ಊಹಿಸಲು ಬಲವಾದ ಆಧಾರ ಸಿಕ್ಕಂತಾಯಿತು. ಹೆಳವರ ಮಾತಿನಲ್ಲಿ ಜಗಳಕ್ಕೆ ಊರು ಬಿಟ್ಟವನು ಇವನೇ ಆಗಿದ್ದರೆ, ಆ ಜಗಳದ ಹಿಂದೆ ಬರವಿತ್ತೇ ಎಂದು ಕೇಳುವ ಹಕ್ಕು ಸಂಶೋಧಕನಿಗೆ ಬರುತ್ತದೆ. ಊಹೆಯನ್ನು ಊಹೆಯೆಂದೇ ಬರೆಯಬೇಕು. ಆದರೆ ಆಧಾರವಿರುವ ಊಹೆಯನ್ನು ಮಾಡದೆ ಬಿಡುವುದೂ ಸತ್ತವರಿಗೆ ಮಾಡುವ ಅನ್ಯಾಯ.

ಅದೇ ಪತ್ರದ ಕೊನೆಯ ಸಾಲುಗಳನ್ನು ಹೆಚ್ಚಿನವರು ಓದುವುದಿಲ್ಲ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ತೋಟ ಎಂದು ನಾಲ್ಕು ನೆರೆಯವರ ಹೆಸರು ಇರುತ್ತದೆ. ಸಾಕ್ಷಿ ಹಾಕಿದವರಲ್ಲಿ ನೆಂಟರೂ ಇರುತ್ತಾರೆ. ಬಿಕ್ಕಲಂ ಎಂದು ರುಜು ಮಾಡಿದ ಬರಹಗಾರ ಅನೇಕ ವೇಳೆ ಆ ಊರಿನ ಶಾನುಭೋಗನೇ. ನಮ್ಮ ಪೂರ್ವಿಕನ ಕಾಗದಗಳು ನಮ್ಮ ಮನೆಯಲ್ಲಿ ಹುಳ ತಿಂದು ಹೋಗಿದ್ದರೂ, ಆ ನೆರೆಯವರ ಮನೆಯ ಕಾಗದಗಳ ಚಕ್ಕುಬಂದಿಯಲ್ಲಿ ಅವನು ಬದುಕಿರಬಹುದು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದ ಇಬ್ಬರು ಒಬ್ಬರಾಗಿ ಕಾಣುವ ಅಪಾಯವಿದೆ. ಅಲ್ಲಿ ತಂದೆಯ ಹೆಸರನ್ನು ತೋರುವ ‘ಬಿನ್’ ನೆರವಿಗೆ ಬರುತ್ತದೆ. ಅಜ್ಜ ಮೊಮ್ಮಗ ಇಬ್ಬರ ತಂದೆಯರ ಹೆಸರೂ ಒಂದೇ ಆಗಿರುವ ಮನೆತನಗಳಲ್ಲಿ ಅದೂ ಸಾಲದು. ಆಗ ಹೆಂಡತಿಯ ಹೆಸರಿನಿಂದಲೋ ಜಮೀನಿನ ಹೆಸರಿನಿಂದಲೋ ಬೇರ್ಪಡಿಸಬೇಕು.

ಸಾವಿನ ಕಾಲಕ್ಕೆ ಇನ್ನೊಂದು ದಾರಿಯಿದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರು ಸಂಕಲ್ಪದಲ್ಲೇ ಉಳಿಯುತ್ತದೆ, ತೀರಿಕೊಂಡವರ ಮಾಸ, ಪಕ್ಷ, ತಿಥಿಯೂ ಉಳಿಯುತ್ತದೆ. ವರ್ಷ ಮಾತ್ರ ಮರೆತುಹೋಗಿರುತ್ತದೆ. ಆ ತಿಂಗಳ ಲೆಕ್ಕದಲ್ಲಿ ಉತ್ತರಕ್ರಿಯೆಯ ಖರ್ಚು ಸಿಕ್ಕಿತೆಂದರೆ ಮರೆತ ವರ್ಷವೂ ಕೈಗೆ ಬರುತ್ತದೆ. ಶ್ರಾದ್ಧದ ಪದ್ಧತಿಯಿಲ್ಲದ ಲಿಂಗಾಯತ ಮನೆಗಳಲ್ಲಿ ಈ ದಾರಿಯಿಲ್ಲ. ಅಲ್ಲಿ ಖಾತೆ ಬದಲಾವಣೆಯನ್ನೇ ಆಧರಿಸಬೇಕಾಗುತ್ತದೆ.

ಹೆಣ್ಣುಮಕ್ಕಳ ಚರಿತ್ರೆಗೆ ಮುಯ್ಯಿಯ ಪಟ್ಟಿಗೆ ಸಮಾನವಾದ ಆಕರವಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಮದುವೆಯಲ್ಲಿ ಯಾರು ಏನು ಓದಿಸಿದರು ಎಂಬುದನ್ನು ಆ ಮನೆಯವರು ತಪ್ಪದೆ ಬರೆದಿಡುತ್ತಿದ್ದರು, ಏಕೆಂದರೆ ಅದನ್ನು ನಾಳೆ ಅವರ ಮನೆಯ ಮದುವೆಯಲ್ಲಿ ತೀರಿಸಬೇಕು. ಇಂಥ ಊರಿಗೆ ಕೊಟ್ಟ ಸೋದರತ್ತೆ, ಇಂಥ ಊರಿನ ಚಿಕ್ಕಮ್ಮ, ಅವಳು ಓದಿಸಿದ ಸೀರೆ, ಕುಪ್ಪಸ, ಒಂದು ಹಣ, ಒಂದು ರೂಪಾಯಿ ಎಲ್ಲವೂ ಅಲ್ಲಿವೆ. ವಂಶಾವಳಿಯಿಂದ ಮದುವೆಯ ದಿನವೇ ಮಾಯವಾದ ಹೆಣ್ಣುಮಕ್ಕಳು ತಮ್ಮ ಹೊಸ ಊರುಗಳ ಸಮೇತ ಇಲ್ಲಿ ಮರಳಿ ಬರುತ್ತಾರೆ. ಎರಡು ಮದುವೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಯಾವ ಊರಿನೊಡನೆ ಹೊಸ ನೆಂಟಸ್ತನ ಬೆಳೆಯಿತು, ಯಾರ ಬರವು ನಿಂತಿತು, ಯಾರ ಕೈ ಬಿಗಿಯಾಯಿತು ಎಂಬುದು ತಿಳಿಯುತ್ತದೆ. ಖಾತೆಗಳಲ್ಲಿ ಹೆಣ್ಣು ಬರುವುದು ಹೆಚ್ಚಾಗಿ ಗಂಡ ತೀರಿದ ಮೇಲೆ, ‘ಕೋಂ’ ಎಂಬ ಗುರುತಿನೊಡನೆ. ಮುಯ್ಯಿಯಲ್ಲಿ ಅವಳು ಕೊಡುವವಳಾಗಿ ಬರುತ್ತಾಳೆ.

ಮೊತ್ತಗಳನ್ನು ಓದುವಾಗ ಅವಸರ ಸಲ್ಲದು. ಹತ್ತು ಕಂಠೀರಾಯ ಹಣಕ್ಕೆ ಒಂದು ವರಹ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಕೋಷ್ಟಕ ಗೊತ್ತಿದ್ದರೂ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ. ಖಂಡುಗ ಎಂದರೆ ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಬಿತ್ತುವ ನೆಲವೂ ಹೌದು. ಇದನ್ನು ಕಿಲೋಗ್ರಾಂ, ಎಕರೆಗೆ ತಿರುಗಿಸಿ ಬರೆದ ಲೇಖನಗಳು ಓದುಗರನ್ನು ದಾರಿ ತಪ್ಪಿಸುತ್ತವೆ. ಅದೇ ಊರಿನ, ಅದೇ ವರ್ಷದ ಇನ್ನೊಂದು ಬಾಬಿನೊಡನೆ ಹೋಲಿಸುವುದೇ ಸರಿಯಾದ ಕ್ರಮ.

ಈ ವಿಧಾನಕ್ಕೆ ಎದುರಾಗುವ ಅತಿ ಗಂಭೀರ ಆಕ್ಷೇಪವನ್ನು ಇಲ್ಲಿ ಎತ್ತಲೇಬೇಕು. ಕಾಗದದ ಕಟ್ಟು ಇರುವುದು ನೆಲವಿದ್ದವರ ಮನೆಯಲ್ಲಿ. ನೆಲವಿಲ್ಲದವರ ಪೂರ್ವಿಕರು ಎಲ್ಲಿದ್ದಾರೆ? ಅವರು ಬೇರೆಯವರ ಲೆಕ್ಕದಲ್ಲಿದ್ದಾರೆ. ಒಡೆಯನ ಕಡತದಲ್ಲಿ ಜೀತಕ್ಕೆ ಇದ್ದವನ ಹೆಸರು, ಮಗನ ಮದುವೆಗೆ ಅವನು ಪಡೆದ ಸಾಲ, ವರ್ಷಕ್ಕೆ ಕೊಟ್ಟ ಕಂಬಳಿ, ಅಳೆದುಕೊಟ್ಟ ರಾಗಿ, ತೀರದೆ ಮಗನ ತಲೆಗೆ ಬಂದ ಬಾಕಿ ಇವು ಇವೆ. ಹಗೇವಿನಲ್ಲಿ ಎಷ್ಟು ರಾಗಿ ಇತ್ತೆಂದು ಹೆಮ್ಮೆಯಿಂದ ಹೇಳುವ ಮನೆತನದ ಚರಿತ್ರೆಗಳು ಆ ಪುಟಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಜೀತವನ್ನು ರದ್ದುಮಾಡಿದ ಕಾಯ್ದೆ 1976ರದು. ಆ ಹೆಸರುಗಳ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಒಡೆಯನ ಮನೆಯ ಕಡತ ಅವರಿಗೂ ಪೂರ್ವಿಕರ ದಾಖಲೆ, ಬಹುಶಃ ಇರುವ ಒಂದೇ ದಾಖಲೆ. ಅದನ್ನು ಓದಿ ತಿಳಿಯುವ ಹಕ್ಕು ಅವರಿಗೆ ಇಟ್ಟುಕೊಂಡವರಷ್ಟೇ ಇದೆ.

ಪರಂಪರಾಗತ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಹುದ್ದೆಗಳು ಹೋದವು. ಸರ್ಕಾರಕ್ಕೆ ಬೇಕಾದ ಪುಸ್ತಕಗಳು ತಾಲ್ಲೂಕು ಕಚೇರಿಗೆ ಹೋದರೂ, ಊರಿನ ಜನಕ್ಕೆಲ್ಲ ಸಂಬಂಧಿಸಿದ ಹಳೆಯ ಕಡತ, ಚೀಟಿಗಳು ಎಷ್ಟೋ ಕಡೆ ಆ ಮನೆಗಳಲ್ಲೇ ಉಳಿದವು. ಮನೆ ಕೆಡವಿ ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಈ ಕಟ್ಟುಗಳೇ ಮೊದಲು ಒಲೆಗೆ ಅಥವಾ ರದ್ದಿಗೆ ಹೋಗುತ್ತಿವೆ. ಇಂಥ ಕಟ್ಟು ಇರುವ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ವಂಶಾವಳಿ ಇಲ್ಲವೆಂದು ಅದನ್ನು ಎಸೆಯಬೇಡಿ. ಪ್ರತಿ ಹಾಳೆಯ ಎರಡೂ ಬದಿಯ ಚಿತ್ರ ತೆಗೆದು, ಅದು ಸಿಕ್ಕ ಕ್ರಮವನ್ನು ಬದಲಿಸದೆ ಸಂಖ್ಯೆ ಹಾಕಿಡಿ. ಮನೆಯ ಹಿರಿಯರು ಇರುವಾಗಲೇ ಅದರಲ್ಲಿನ ಹೆಸರುಗಳನ್ನು ಅವರಿಂದ ಗುರುತು ಹಿಡಿಸಿ ಬರೆದುಕೊಳ್ಳಿ. ಇಟ್ಟುಕೊಳ್ಳಲು ಆಗದಿದ್ದರೆ ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗಕ್ಕೋ ಒಪ್ಪಿಸಿ. ಮುಯ್ಯಿಯ ಪಟ್ಟಿಯನ್ನೂ ಜೀತದ ಲೆಕ್ಕವನ್ನೂ ಬೇರ್ಪಡಿಸದೆ ಇಡೀ ಕಟ್ಟನ್ನೇ ಒಪ್ಪಿಸಿ.