ಮೈಸೂರಿನ ಜಾವಾ, ಡೊಂಬಿವಲಿಯ ಗ್ಯಾರೇಜು

ಜುಲೈ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ, ಜಿನುಗುವ ಮಳೆಯಲ್ಲಿ, ಕಲ್ಯಾಣ–ಮುರ್ಬಾಡ್ ರಸ್ತೆಯ ಚಹಾದಂಗಡಿಯೊಂದರ ಮುಂದೆ ಹತ್ತಾರು ಹಳೆಯ ಮೋಟಾರ್ ಸೈಕಲುಗಳು ಸಾಲಾಗಿ ನಿಂತಿದ್ದುದನ್ನು ಕಂಡೆವು. ಠಾಣೆಯಿಂದ ಬಂದವರು ಕೆಲವರು, ನೆರೂಳ್, ಐರೋಲಿಗಳಿಂದ ಬಂದವರು ಕೆಲವರು. ಮಾತೆಲ್ಲ ಮರಾಠಿ, ಹಿಂದಿಯಲ್ಲಿ. ನಾವು ಕನ್ನಡಿಗರೆಂದು ತಿಳಿದೊಡನೆ ಬಿಳಿಗಡ್ಡದ ಹಿರಿಯರೊಬ್ಬರು ಎದ್ದು ನಿಂತು, "ಮೈಸೂರ್‌ವಾಲೇ?" ಎಂದು ಎರಡೂ ಕೈಗಳಿಂದ ನಮ್ಮ ಕೈ ಹಿಡಿದರು. ನಮ್ಮ ಊರು ಅರಸೀಕೆರೆ. ಆದರೂ ಆ ಗೌರವವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಹೌದೆಂದು ತಲೆಯಾಡಿಸಿದೆವು.

ಆ ದಿನವನ್ನು ಅವರು ಜಾವಾ ದಿನವೆಂದು ಆಚರಿಸುತ್ತಾರೆ. ಜಾವಾ ಎಂದರೆ ಇಂಡೋನೇಷ್ಯದ ದ್ವೀಪವಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಮೊದಲಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ, ಅಲ್ಲಿನ ಇಂಜಿನಿಯರುಗಳು ಅವರ ಕಣ್ಣು ತಪ್ಪಿಸಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸಿದರು. 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಲೋಕದ ಕಣ್ಣಿಗೆ ಬಿತ್ತು. ನಮ್ಮ ಮೈಸೂರಿಗೆ ಬಂದದ್ದು ಅದೇ ವಂಶದ ಕುಡಿ.

ಬಂದದ್ದಾದರೂ ಮುಂಬಯಿಯ ದಾರಿಯಾಗಿ. ಮುಂಬಯಿಯ ಇರಾನಿ ಮನೆತನದವರು ಮೊದಲು ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ಐವತ್ತರ ದಶಕದಲ್ಲಿ ಆಮದಿಗೆ ಕಡಿವಾಣ ಬಿದ್ದಾಗ ಇಲ್ಲಿಯೇ ತಯಾರಿಸುವ ಪರವಾನಗಿ ಪಡೆದು, ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರಿಗೆ ಕನ್ನಡಿಗರ ಕೈಕೆಲಸ!

ಈ ಗಾಡಿಯ ಯಂತ್ರವನ್ನು ಬಿಚ್ಚಿ ನೋಡಿದವರಿಗೆ ಅದರ ರುಚಿ ಬೇರೆ. ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ಆವರ್ತ ಮುಗಿಯಿತು, ಕವಾಟಗಳ ಗೋಜಿಲ್ಲ. ಸಿಲಿಂಡರ್ ಒಂದೇ, ಹೊಗೆ ಕೊಳವೆ ಮಾತ್ರ ಎರಡು. ಕಿಕ್ ಹೊಡೆಯುವ ಸನ್ನೆಯೇ ಮಡಚಿ ಮುಂದಕ್ಕೆ ತಂದರೆ ಗೇರಿನ ಸನ್ನೆಯಾಗುತ್ತದೆ. ಗೇರು ಬದಲಿಸುವಾಗ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡೂ ಅದರೊಳಗಿದೆ. ಹಳೆಯ ಗಾಡಿಗಳ ಕೀಲಿ ಒಂದು ಮೊಳೆಯಂತಿತ್ತು. ಕೀಲಿ ಮರೆತರೆ ನಿಜವಾದ ಮೊಳೆಯೇ ಸಾಕಾಗುತ್ತಿತ್ತೆಂದು ಹಳಬರು ನಗುತ್ತಾರೆ. ಆದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಹೊಗೆ ಹೆಚ್ಚು, ಖರ್ಚೂ ಹೆಚ್ಚು. 1984–85ರ ಸುಮಾರಿಗೆ ಜಪಾನೀ ಸಹಯೋಗದ 100 ಸಿ.ಸಿ. ಗಾಡಿಗಳು ಬಂದ ಮೇಲೆ ಜನ ಮೈಲೇಜನ್ನು ಎಣಿಸತೊಡಗಿದರು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ, ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯಾದವಗಿರಿಯ ಸೈರನ್ ಮತ್ತೆ ಕೂಗಲಿಲ್ಲ.

ಇಷ್ಟನ್ನೆಲ್ಲ ನಾವು ಓದಿ ತಿಳಿಯಲು ಕಾರಣ ನಮ್ಮ ಸೋದರಮಾವನವರ 1968ರ ಜಾವಾ. ಕಣ್ಣು ಮಂಜಾಯಿತೆಂದು ಅವರು ಅದನ್ನು ಮೈಸೂರಿನಿಂದ ರೈಲಿನಲ್ಲಿ ನಮಗೆ ಕಳಿಸಿಕೊಟ್ಟರು. ನಂಬರ್ ಪ್ಲೇಟಿನ ಮೇಲೆ ಹಳೆಯ 'ಎಂವೈ' ಅಕ್ಷರಗಳು ಇನ್ನೂ ಇವೆ. ಕಾಲೇಜಿನಲ್ಲಿರುವ ನಮ್ಮ ಮಗನಿಗೆ ಅದನ್ನು ಹೊಸ ಮಾದರಿಯಲ್ಲಿ ಕಟ್ಟುವ ಹುಚ್ಚು: ಹಿಂದಿನ ಮಡ್‌ಗಾರ್ಡ್ ಕತ್ತರಿಸಬೇಕು, ಒಂಟಿ ಸೀಟು ಹಾಕಬೇಕು, ಹ್ಯಾಂಡಲ್ ತಗ್ಗಿಸಬೇಕು. ನಮ್ಮ ಸುತ್ತಲಿನ ಗ್ಯಾರೇಜುಗಳಲ್ಲಿ ಇಂತಹ ಕೆಲಸ ಬಲ್ಲ ಕುಶಲಿಗಳಿದ್ದಾರೆ. ಕುರ್ಲಾದ ಗುಜರಿಯಲ್ಲಿ, ಚೋರ್ ಬಜಾರಿನಲ್ಲಿ ಹುಡುಕಿದರೆ ಏನುಂಟು ಏನಿಲ್ಲ!

ಆದರೆ ಗಾಡಿಯ ಮೂಲ ರಚನೆಯನ್ನು ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿ ಮೂಲರೂಪದಲ್ಲಿದ್ದರೆ ಮಾತ್ರ ಅದಕ್ಕೆ 'ವಿಂಟೇಜ್' ಮಾನ್ಯತೆ. ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಮಾತ್ರ ಹೊರಗೆ ತರಬೇಕು. ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಾವು, ಈ ಕಾಗದಗಳಿಗಾಗಿ ಒಂದು ಕಚೇರಿಯ ಕಿಟಕಿಯ ಮುಂದೆ ಮೂರು ಬಾರಿ ರಜೆ ಹಾಕಿ ನಿಂತೆವು. ಕಿಟಕಿಯ ಆ ಬದಿ ಕುಳಿತವನಿಗೆ ಈ ಬದಿಯ ಕಾಲುನೋವು ತಿಳಿಯದೆಂಬುದು ನಮಗೆ ಈಗ ಗೊತ್ತಾಗಿದೆ.

"ಓಡಿಸೋದಕ್ಕಲ್ಲದೆ ಬೈಕು ಯಾತಕ್ಕಪ್ಪಾ?" ಎಂದು ಮಗ ಕೇಳಿದ. ತಪ್ಪು ಪ್ರಶ್ನೆಯೇನಲ್ಲ. ಉತ್ತರ ತೋಚದೆ ಮಾವನವರಿಗೆ ಫೋನ್ ಮಾಡಿದೆವು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಗಾಡಿ ನಿಮ್ದು, ಏನಾದ್ರೂ ಮಾಡ್ಕೊಳಿ. ಆ ಹಿಂದಿನ ಸೀಟ್ ಮೇಲೆ ನಿಮ್ಮತ್ತೆ ಕೂತ್ಕೋತಿದ್ಲು ಕಣೋ, ಅಷ್ಟೇ," ಎಂದರು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಫೋನು ಸ್ಪೀಕರಿನಲ್ಲಿತ್ತು, ಮಗನೂ ಕೇಳಿಸಿಕೊಂಡ.

ಮರುದಿನ ಅವನೇ ಗ್ಯಾರೇಜಿಗೆ ಹೋಗಿ ಮಡ್‌ಗಾರ್ಡನ್ನು ಕತ್ತರಿಸಬೇಡಿರೆಂದು ಹೇಳಿ ಬಂದ. ಈಗ ಟ್ಯಾಂಕು ಬಣ್ಣದವನಲ್ಲಿದೆ, ಎಂಜಿನ್ನು ಡೊಂಬಿವಲಿಯ ಗ್ಯಾರೇಜಿನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ. ಕೊರತೆಯಿರುವುದು ಮೂಲದ ಯಿಕೋವ್ ಕಾರ್ಬುರೇಟರ್ ಒಂದಕ್ಕೆ. ಬಂಧುಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ, ಊರಿನ ಹಿತ್ತಿಲ ಕೊಟ್ಟಿಗೆಯಲ್ಲಾದರೂ ಅಂಥದೊಂದು ಬಿದ್ದಿದ್ದರೆ, ದಯವಿಟ್ಟು ಗುಜರಿಗೆ ಹಾಕದೆ ಸಂಘದ ಕಚೇರಿಗೆ ತಿಳಿಸಬೇಕು. ಬಂದು ಕೊಂಡೊಯ್ಯುತ್ತೇವೆ.