ಹಳೆ ಅಕ್ವೇರಿಯಂಗೆ ಬೆಲೆ ಎಷ್ಟು? ಒಂದೂವರೆ ಶತಮಾನದ ಲೆಕ್ಕ

ಮೀನಿನ ಟ್ಯಾಂಕನ್ನು ಸೆಕೆಂಡ್ ಹ್ಯಾಂಡ್ ಮಾರಲು ಹೊರಟವರಿಗೆ ಈ ಅನುಭವ ಆಗಿಯೇ ಇರುತ್ತೆ. ಟ್ಯಾಂಕು, ಸ್ಟ್ಯಾಂಡು, ಫಿಲ್ಟರು, ಲೈಟು, ಕಲ್ಲು, ಗಿಡ ಎಲ್ಲದರ ಬಿಲ್ಲು ಕೂಡಿಸಿ, ಅದರ ಅರ್ಧಕ್ಕಾದರೂ ಹೋಗುತ್ತೆ ಅಂತ ನೀವು ಅಂದುಕೊಂಡಿರುತ್ತೀರಿ. ಬಂದವರು ಗಾಜನ್ನೊಮ್ಮೆ ಬೆರಳಲ್ಲಿ ತಟ್ಟಿ ನೋಡಿ, ನೀವು ಹೇಳಿದ್ದರ ಮೂರನೇ ಒಂದು ಭಾಗ ಹೇಳುತ್ತಾರೆ. ಜೊತೆಗೆ "ಮೀನು ಫ್ರೀ ತಾನೇ?" ಅಂತ ಒಂದು ಪ್ರಶ್ನೆ ಬೇರೆ :)

ಟಿವಿಗೋ ಫ್ರಿಜ್ಜಿಗೋ ಇಷ್ಟು ಬೇಗ ಬೆಲೆ ಇಳಿಯಲ್ಲ. ಹಾಗಾದರೆ ಗಾಜಿನ ಪೆಟ್ಟಿಗೆಗೆ ಮಾತ್ರ ಯಾಕೆ ಹೀಗೆ? ನಾನು ಸಾಫ್ಟ್‌ವೇರ್ ಕೆಲಸದವನು, ಜೀವಶಾಸ್ತ್ರಕ್ಕೂ ನನಗೂ ಪಿಯುಸಿಗೇ ಋಣ ಮುಗಿದಿತ್ತು. ಆದರೆ ಈ ಪ್ರಶ್ನೆಯ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ, ಉತ್ತರ 1850ರ ದಶಕದ ಲಂಡನ್ನಿನಲ್ಲಿ ಸಿಕ್ಕಿತು. ಮನೆಯಲ್ಲಿ ಅಕ್ವೇರಿಯಂ ಇಡುವ ಹುಚ್ಚು ಹುಟ್ಟಿದ್ದೂ ಅಲ್ಲೇ, ಆ ಹುಚ್ಚು ಬಿಟ್ಟಮೇಲೆ ಟ್ಯಾಂಕುಗಳು ಮೊದಲು ಮೂಲೆಗುಂಪಾಗಿದ್ದೂ ಅಲ್ಲೇ.

ಶುರುವಿನಿಂದ ಬರೋಣ. ನಥಾನಿಯೆಲ್ ವಾರ್ಡ್ ಅಂತ ಲಂಡನ್ನಿನ ಒಬ್ಬ ಡಾಕ್ಟರು. 1829ರಲ್ಲಿ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟಿದ್ದ. ಸ್ವಲ್ಪ ದಿನಕ್ಕೆ ಅದರೊಳಗೆ ಒಂದು ಜರೀಗಿಡವೂ ಒಂದಿಷ್ಟು ಹುಲ್ಲೂ ತಾವಾಗಿಯೇ ಮೊಳೆತವು. ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಹೊರಗೆ ಸಾಯುತ್ತಿದ್ದ ಗಿಡ ಬಾಟಲಿಯೊಳಗೆ ಹಾಯಾಗಿತ್ತು. ಇದರಿಂದ ಬಂದಿದ್ದೇ 'ವಾರ್ಡಿಯನ್ ಕೇಸ್' ಅನ್ನುವ ಮುಚ್ಚಿದ ಗಾಜಿನ ಪೆಟ್ಟಿಗೆ. ಚೀನಾದಿಂದ ಸಾವಿರಾರು ಚಹಾ ಗಿಡಗಳು ಹಡಗಿನಲ್ಲಿ ಬದುಕಿ ನಮ್ಮ ದೇಶ ಮುಟ್ಟಿದ್ದು ಇಂಥ ಪೆಟ್ಟಿಗೆಯೊಳಗೇ ಕೂತು!

ಗಿಡ ಆಯಿತು, ನೀರಿನ ಜೀವಿ ಬದುಕುತ್ತಾ? ಅಂತ ಜನ ಯೋಚಿಸತೊಡಗಿದರು. ಸಿಸಿಲಿಯ ಕರಾವಳಿಯಲ್ಲಿ ಜೀನ್ ವಿಲ್‌ಪ್ರೂ ಪವರ್ ಅನ್ನುವ ಮಹಿಳೆ 1832ರಲ್ಲೇ ಗಾಜಿನ ತೊಟ್ಟಿ ಮಾಡಿಸಿ, ಆರ್ಗೋನಾಟ್ ಅನ್ನುವ ಆಕ್ಟೋಪಸ್ ಜಾತಿಯ ಜೀವಿಯನ್ನು ಅಭ್ಯಾಸ ಮಾಡಿದ್ದಳು. 1846ರಲ್ಲಿ ಆನಾ ಥಿನ್ ಅನ್ನುವಾಕೆ ಟೋರ್ಕಿ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ಅವು ಉಸಿರುಗಟ್ಟಿ ಸಾಯಬಾರದಲ್ಲ, ಅದಕ್ಕೆ ಮನೆಯ ಕೆಲಸದಾಕೆ ದಿನಾ ತೆರೆದ ಕಿಟಕಿಯ ಮುಂದೆ ನಿಂತು, ಸಮುದ್ರದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯಬೇಕಿತ್ತು. ನಮ್ಮ ಹೋಟೆಲಿನವರು ಕಾಫಿ ಆರಿಸುತ್ತಾರಲ್ಲ, ಹಾಗೆ. ಜಗತ್ತಿನ ಮೊದಮೊದಲ 'ಏರ್ ಪಂಪು'ಗಳಲ್ಲಿ ಒಂದು ಆ ಹೆಣ್ಣುಮಗಳ ಕೈ. ಹೆಸರು ಮಾತ್ರ ಯಜಮಾನಿಯದು.

1849ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನುವ ರಸಾಯನಶಾಸ್ತ್ರಜ್ಞ ಅಪಾತಿಕರೀಸ್ ಹಾಲ್‌ನಲ್ಲಿ ಒಂದು ಪ್ರಯೋಗ ಶುರು ಮಾಡಿದ. ಗಾಜಿನ ಪಾತ್ರೆ, ಎರಡು ಚಿಕ್ಕ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತೆ, ನೀರು ಬದಲಾಯಿಸುವ ತಂಟೆಯೇ ಇಲ್ಲ ಅನ್ನೋದು ಲೆಕ್ಕ. ಆದರೆ ಗಿಡದ ಎಲೆ ಕೊಳೆತು ನೀರು ಲೋಳೆಯಾಯಿತು. ಆಗ ಒಂದಿಷ್ಟು ಬಸವನಹುಳು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಪ್ರಕಟಿಸಿದ. 'ಸಮತೋಲನದ ಅಕ್ವೇರಿಯಂ' ಅನ್ನುವ ಸಿದ್ಧಾಂತ ಇದೇ.

ಇನ್ನೇನು, ಕಾಲ ಕೂಡಿ ಬಂದಿತ್ತು. ನೂರು ವರ್ಷದಷ್ಟು ಕಾಲ ಜಾರಿಯಲ್ಲಿದ್ದ ಗಾಜಿನ ತೆರಿಗೆಯನ್ನು ಬ್ರಿಟನ್ 1845ರಲ್ಲಿ ತೆಗೆದುಹಾಕಿತ್ತು. ಆ ತೆರಿಗೆ ತೂಕದ ಮೇಲಿತ್ತು, ಹಾಗಾಗಿ ದಪ್ಪ ಗಾಜು ಅಂದರೆ ದುಬಾರಿ. ತೆರಿಗೆ ಹೋದಮೇಲೆ ಮಧ್ಯಮ ವರ್ಗದ ಮನೆಗೂ ಗಾಜಿನ ತೊಟ್ಟಿ ಎಟುಕಿತು. ರೈಲು ಬಂದು ಕಡಲತೀರ ಹತ್ತಿರವಾಯಿತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ 'ಫಿಶ್ ಹೌಸ್' ತೆರೆಯಿತು. ಜನ ಮೀನನ್ನು ಮೇಲಿನಿಂದ ಅಲ್ಲ, ಪಕ್ಕದಿಂದ ಕಣ್ಣಿಗೆ ಕಣ್ಣಿಟ್ಟು ನೋಡಿ ಬೆರಗಾದರು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅನ್ನುವ ನಿಸರ್ಗತಜ್ಞ 'ದಿ ಅಕ್ವೇರಿಯಂ' ಅನ್ನುವ ಪುಸ್ತಕ ಬರೆದ. ಆ ಹೆಸರು ಮನೆಮಾತಾಯಿತು.

ಪುಸ್ತಕದ ಹಿಂದೆ ಅಂಗಡಿ ಬರಲೇಬೇಕಲ್ಲ. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ಪೋರ್ಟ್‌ಲ್ಯಾಂಡ್ ರೋಡಿನಲ್ಲಿ ದೊಡ್ಡ ಅಕ್ವೇರಿಯಂ ಮಳಿಗೆ ಇಟ್ಟ. 1858ರಲ್ಲಿ ನೂರಕ್ಕೂ ಹೆಚ್ಚು ಪುಟಗಳ ದರಪಟ್ಟಿಯನ್ನೇ ಅಚ್ಚು ಹಾಕಿಸಿದ. ತೊಟ್ಟಿ, ಉಪಕರಣ, ಗಿಡ, ಜೀವಿಗಳು, ಅಷ್ಟೇ ಅಲ್ಲ, ಸಮುದ್ರದ ನೀರು ಕೂಡ ಮಾರಾಟಕ್ಕೆ. ಇವತ್ತಿನ ಮೀನಿನ ಅಂಗಡಿಗಳಿಗೆಲ್ಲ ಅಜ್ಜ ಅನ್ನಬಹುದು.

ಆಮೇಲೆ ಆಗಿದ್ದೇನು? ಹತ್ತು ವರ್ಷ ಕೂಡ ಆಗಲಿಲ್ಲ, ಹುಚ್ಚು ಇಳಿಯಿತು. 1860ರ ದಶಕದ ಆರಂಭದಲ್ಲೇ ಲಾಯ್ಡ್‌ನ ಅಂಗಡಿ ಮುಳುಗಿತು. ಜೆ.ಜಿ. ವುಡ್ ಅನ್ನುವ ಲೇಖಕ 1868ರಲ್ಲಿ ಹಿಂತಿರುಗಿ ನೋಡಿ ಬರೆಯುವಾಗ, ಹತ್ತರಲ್ಲಿ ಒಂಬತ್ತು ಅಕ್ವೇರಿಯಂಗಳನ್ನು ಜನ ಕೈಬಿಟ್ಟರು, ಗಿರಾಕಿ ಇಲ್ಲದೆ ಎಷ್ಟೋ ಅಂಗಡಿ ಮುಚ್ಚಿದವು ಅನ್ನುತ್ತಾನೆ. ಅದೊಂದು ಸಾಂಕ್ರಾಮಿಕ ಜ್ವರದ ಹಾಗೆ ಬಂದುಹೋಯಿತು ಅನ್ನೋದು ಅವನ ಮಾತಿನ ಧಾಟಿ. ತಮಾಷೆ ಅಂದರೆ, ಜನ ತಮ್ಮ ಹಳೆ ಸಾಮಾನು ತಾವೇ ಮಾರಿಕೊಳ್ಳಲು ಅಂತಲೇ 'ಎಕ್ಸ್‌ಚೇಂಜ್ ಅಂಡ್ ಮಾರ್ಟ್' ಪತ್ರಿಕೆ ಲಂಡನ್ನಿನಲ್ಲಿ ಶುರುವಾಗಿದ್ದೂ ಅದೇ 1868ರಲ್ಲಿ!

ಫ್ಯಾಷನ್ ಅಂದಮೇಲೆ ಹೋಗುತ್ತೆ ಬಿಡಿ, ಅದರಲ್ಲೇನು ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಪಿಯಾನೋ ಕೊಂಡವರು ಹತ್ತರಲ್ಲಿ ಒಂಬತ್ತು ಜನ ಅದನ್ನು ಬಿಸಾಡಲಿಲ್ಲ. ಪಿಯಾನೋ ಕೊಂಡ ಮೂರನೇ ವಾರಕ್ಕೆ ಸತ್ತು ನಾರುವುದಿಲ್ಲ. ಅಕ್ವೇರಿಯಂ ಹಾಗಲ್ಲ. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿದರೂ ಮೀನು ಸಾಯುತ್ತಿದ್ದವು, ಯಾಕೆ ಅನ್ನೋದು ಬರೆದವರಿಗೂ ಪೂರ್ತಿ ತಿಳಿದಿರಲಿಲ್ಲ.

ಕಾರಣ ಇವತ್ತು ಅಕ್ವೇರಿಯಂ ಇಟ್ಟವರಿಗೆಲ್ಲ ಗೊತ್ತು. ಮೀನಿನ ಕಿವಿರಿನಿಂದ ಅಮೋನಿಯಾ ಹೊರಬರುತ್ತೆ. ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ, ಅದರಿಂದ ತೊಂದರೆ ತೀರಾ ಕಡಿಮೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ನೆಲೆಯೂರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತುಂಬಿಸಿದರೆ ಅವು ತಮ್ಮದೇ ಹೊಲಸಿನಲ್ಲಿ ಸಾಯುತ್ತವೆ. ವಾರಿಂಗ್ಟನ್ನಿನ ಪಾತ್ರೆ ನಡೆದಿದ್ದು ಯಾಕೆ ಅಂದರೆ ಮೀನು ಎರಡೇ, ಗಿಡ ಬೇಕಾದಷ್ಟು. ಗಿಡ ಆಮ್ಲಜನಕ ಕೊಡುವುದರ ಜೊತೆಗೆ ಅಮೋನಿಯಾವನ್ನೂ ಹೀರಿಕೊಳ್ಳುತ್ತೆ. ಅವನನ್ನು ಓದಿದ ಜನಕ್ಕೆ ಎರಡು ಮೀನು ಸಾಲಲಿಲ್ಲ.

ಈ ಕಥೆಯಲ್ಲಿ ನನಗೆ ಮೈ ಜುಮ್ಮೆನಿಸಿದ ಭಾಗ ಇನ್ನು ಮುಂದಿನದು. ವಾರಿಂಗ್ಟನ್‌ಗೆ 1838ರಲ್ಲಿ ಹುಟ್ಟಿದ ಒಬ್ಬ ಮಗ, ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಅಪ್ಪ ಆ ಗಾಜಿನ ಪಾತ್ರೆಯಲ್ಲಿ ಮೀನು ಬಿಟ್ಟಾಗ ಈ ಹುಡುಗನಿಗೆ ಹತ್ತು ಹನ್ನೊಂದು ವರ್ಷ. ಅಪ್ಪನ ಪ್ರಯೋಗಶಾಲೆಯಲ್ಲೇ ರಸಾಯನಶಾಸ್ತ್ರ ಕಲಿತು, ಮುಂದೆ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್, ಅಮೋನಿಯಾ ನೈಟ್ರೇಟ್ ಆಗುವುದು ಜೀವಾಣುಗಳ ಕೆಲಸ ಅಂತ ತೋರಿಸಿದರು. ಮಗ ವಾರಿಂಗ್ಟನ್ ಅದನ್ನೇ ಹಿಡಿದು ವರ್ಷಗಟ್ಟಲೆ ಕೂತ. ಈ ಕೆಲಸ ಎರಡು ಹಂತದಲ್ಲಿ, ಬೇರೆ ಬೇರೆ ಜೀವಾಣುಗಳಿಂದ ಆಗುತ್ತೆ ಅಂತ ಕಂಡುಕೊಂಡ. ಆದರೆ ಅವನ್ನು ಬೇರ್ಪಡಿಸಿ ಬೆಳೆಸಲು ಅವನ ಕೈಲಾಗಲಿಲ್ಲ. ಅದು 1890ರಲ್ಲಿ ವಿನೋಗ್ರಾಡ್‌ಸ್ಕಿಗೆ ಸಾಧ್ಯವಾಯಿತು.

ಮಗ ಹುಡುಕುತ್ತಿದ್ದದ್ದು ಹೊಲದ ಮಣ್ಣಿನ ಗುಟ್ಟನ್ನು. ಸಿಕ್ಕಿದ್ದು ಅಪ್ಪನ ಮೀನಿನ ಪಾತ್ರೆಯ ಗುಟ್ಟು ಕೂಡ. ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡು (1867) ಎಷ್ಟೋ ವರ್ಷಗಳಾಗಿದ್ದವು, ಆ ಒಂಬತ್ತು ಪಾಲು ಅಕ್ವೇರಿಯಂಗಳೂ ಖಾಲಿಯಾಗಿದ್ದವು. ಉತ್ತರ ಮೂವತ್ತು ವರ್ಷ ತಡವಾಗಿ ಬಂತು.

ಲಾಯ್ಡ್‌ನ ಕಥೆ ಅಲ್ಲಿಗೇ ಮುಗಿಯಲಿಲ್ಲ ಅನ್ನೋದು ಸಮಾಧಾನ. ಅಂಗಡಿ ಮುಳುಗಿದ ಮೇಲೆ ಆತ 1864ರಲ್ಲಿ ತೆರೆದ ಹ್ಯಾಂಬರ್ಗ್ ಅಕ್ವೇರಿಯಂಗೂ, 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂಗೂ ದುಡಿದ. ನೆಲದಡಿ ಕತ್ತಲೆಯಲ್ಲಿ ದೊಡ್ಡ ನೀರಿನ ತೊಟ್ಟಿ, ಅಲ್ಲಿಂದ ಪಂಪು ಮಾಡಿ ಪ್ರದರ್ಶನದ ಟ್ಯಾಂಕುಗಳಿಗೆ, ಮತ್ತೆ ಕೆಳಕ್ಕೆ. ಅದೇ ನೀರು ಸುತ್ತುತ್ತಲೇ ಇರಬೇಕು. ಆತ ಲೆಕ್ಕ ಹಾಕಿದ್ದು ಆಮ್ಲಜನಕದ್ದು. ಇವತ್ತಿನ ಕಣ್ಣಿನಿಂದ ನೋಡಿದರೆ, ಹರಿಯುವ ನೀರು, ಒದ್ದೆ ಗೋಡೆ, ಕತ್ತಲೆ.. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಮನೆ ಬೇಕೇ? ಗಾಜು ಮಾರಿದಾಗ ಸೋತವನು, ಸುತ್ತುವ ನೀರನ್ನು ಕಟ್ಟಿದಾಗ ಗೆದ್ದ.

ಈಗ ನಮ್ಮ ಹಳೆ ಟ್ಯಾಂಕಿಗೆ ಬರೋಣ. ಅದರ ಬೆಲೆಯನ್ನು ನಾನು ನಾಲ್ಕು ಪಾಲು ಮಾಡುತ್ತೇನೆ.

ಮೊದಲನೆಯದು ಗಾಜು. 1960ರ ದಶಕದವರೆಗೂ ಟ್ಯಾಂಕು ಅಂದರೆ ಲೋಹದ ಚೌಕಟ್ಟಿಗೆ ಗಾಜು ಕೂರಿಸಿ ಪುಟ್ಟಿ ಮೆತ್ತಿದ್ದು. ಸಿಲಿಕೋನ್ ಅಂಟು ಬಂದಮೇಲೆ ಚೌಕಟ್ಟೇ ಬೇಡವಾಯಿತು. ಗಾಜಿಗೆ ವಯಸ್ಸಾಗಲ್ಲ, ಆದರೆ ಆ ಅಂಟಿಗೆ ಆಗುತ್ತೆ. ಹಾಗಾಗಿ ನೀರು ತುಂಬಿಸಿ, ಅಡಿಗೆ ಪೇಪರ್ ಹಾಸಿ ಒಂದು ದಿನ ಬಿಟ್ಟು, ಒದ್ದೆಯಾಗಿಲ್ಲ ಅಂತ ತೋರಿಸಿದರೆ ಬೆಲೆ ನಿಲ್ಲುತ್ತೆ. ಗಾತ್ರವೂ ಮುಖ್ಯ. ಎರಡು ಅಡಿಯ ಟ್ಯಾಂಕು (24x12x12 ಇಂಚು) ತುಂಬಿದರೆ ಸುಮಾರು 56 ಲೀಟರ್. ನಾಲ್ಕು ಅಡಿಯದು (48x18x18) ಸುಮಾರು 255 ಲೀಟರ್, ಅಂದರೆ ನೀರೇ ಕಾಲು ಟನ್! ಬಾಡಿಗೆ ಮನೆಯ ಮೂರನೇ ಮಹಡಿಗೆ ಖಾಲಿ ಟ್ಯಾಂಕನ್ನು ಹೊತ್ತು ತರುವುದೂ ಕಷ್ಟ. ದೊಡ್ಡದಕ್ಕೆ ಕೊಳ್ಳುವವರು ಕಡಿಮೆ, ಬೆಲೆ ಬೇಗ ಇಳಿಯುತ್ತೆ.

ಎರಡನೆಯದು ಪಂಪು, ಹೀಟರು, ಲೈಟು. ಸವೆಯುವ ಸಾಮಾನಿಗೆ ಸವೆದ ಬೆಲೆ. ಇದರಲ್ಲಿ ಚರ್ಚೆ ಬೇಡ.

ಮೂರನೆಯದು ಯಾರೂ ಬಿಲ್ಲಿನಲ್ಲಿ ಬರೆಯದ ಪಾಲು: ವರ್ಷಗಟ್ಟಲೆ ಓಡಿದ ಫಿಲ್ಟರಿನ ಒಳಗಿರುವ ಕಂದು ಬಣ್ಣದ ಸ್ಪಾಂಜು, ಸೆರಾಮಿಕ್ ರಿಂಗು, ತಳದ ಜಲ್ಲಿ. ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಲ್ಲಲ್ಲ, ಇಲ್ಲೇ. ಸಿಹಿನೀರಿನ ಅಕ್ವೇರಿಯಂನಲ್ಲಿ ಎರಡನೇ ಹಂತದ ಕೆಲಸ ಮಾಡುವುದು ನೈಟ್ರೋಸ್ಪೈರಾ ಗುಂಪಿನ ಬ್ಯಾಕ್ಟೀರಿಯಾ ಅಂತ ಗೊತ್ತಾಗಿದ್ದೇ 1998ರಲ್ಲಿ. ಎರಡೂ ಹಂತವನ್ನು ಒಂಟಿಯಾಗಿ ಮಾಡುವ ನೈಟ್ರೋಸ್ಪೈರಾ ಇದೆ ಅಂತ ಎರಡು ತಂಡಗಳು 2015ರಲ್ಲಿ ತೋರಿಸಿದವು, ಅದರಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ! ಅಪ್ಪ ಮಗ ವಾರಿಂಗ್ಟನ್ನರ ಕಥೆ ಇನ್ನೂ ಮುಗಿದಿಲ್ಲ ನೋಡಿ.

ಮಾರುವವರು ಮಾಡುವುದೇನು? ಗಿರಾಕಿಗೆ ಚೊಕ್ಕಟವಾಗಿ ಕಾಣಲಿ ಅಂತ ಆ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಡುತ್ತಾರೆ. ಕ್ಲೋರಿನ್ನು ಅರ್ಧ ಕೊಲ್ಲುತ್ತೆ, ಬಿಸಿಲು ಉಳಿದದ್ದನ್ನು ಕೊಲ್ಲುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರನ್ನು ಫಾರ್ಮ್ಯಾಟ್ ಮಾಡಿ, ಡಬ್ಬಕ್ಕೆ ಪಾಲಿಶ್ ಹಾಕಿ ಮಾರಿದ ಹಾಗೆ. ಕೊಂಡವರ ಮನೆಯಲ್ಲಿ ಮೂರು ವಾರಕ್ಕೆ ಮೀನು ಸಾಯುತ್ತವೆ, ಮಗು ಅಳುತ್ತೆ, ಟ್ಯಾಂಕು ಮತ್ತೆ ಮಾರಾಟಕ್ಕೆ, ಇನ್ನೂ ಕಡಿಮೆ ಬೆಲೆಗೆ. 1850ರ ದಶಕದ ಕಥೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ದಿನಾ ನಡೆಯುತ್ತಿದೆ.

ಬದಲಿಗೆ ಆ ಸ್ಪಾಂಜು ರಿಂಗುಗಳನ್ನು ಟ್ಯಾಂಕಿನ ನೀರಲ್ಲೇ ಮುಳುಗಿಸಿ ಬಕೆಟ್ಟಿನಲ್ಲಿ ಕೊಡಿ. ಅವತ್ತೇ, ಕೆಲವೇ ಗಂಟೆಯೊಳಗೆ ಮರುಜೋಡಣೆ ಆಗಬೇಕು ಅಂತ ಹೇಳಿ. ಇದಕ್ಕೆ ಕೈತುಂಬ ಕೇಳುವುದು ನ್ಯಾಯ, ಯಾಕೆಂದರೆ ಹೊಸ ಟ್ಯಾಂಕು ಕೊಂಡವರಿಗೆ ಸಿಗದೇ ಇರೋದು ಇದೊಂದೇ.

ನಾಲ್ಕನೆಯದು ಮೀನು. ಅದಕ್ಕೆ ನಾನು ಬೆಲೆ ಕಟ್ಟಲ್ಲ, ಮನೆ ನೋಡುತ್ತೇನೆ. ಇದು ಬರೀ ಭಾವುಕತೆ ಅಲ್ಲ. ಫಿಲಿಪ್ ಗಾಸ್‌ನ ಮಗ ಎಡ್ಮಂಡ್ ಗಾಸ್ 1907ರಲ್ಲಿ 'ಫಾದರ್ ಅಂಡ್ ಸನ್' ಪುಸ್ತಕದಲ್ಲಿ ಒಂದು ನೋವು ತೋಡಿಕೊಂಡಿದ್ದಾನೆ. ಅವನು ಚಿಕ್ಕಂದಿನಲ್ಲಿ ನೋಡಿದ್ದ ಬಂಡೆಗಳ ನಡುವಿನ ಕಡಲ ಹೊಂಡಗಳು ಹೂತೋಟದ ಹಾಗಿದ್ದವು. ಅಪ್ಪನ ಪುಸ್ತಕ ಓದಿ ಮರುಳಾಗಿ ಬಂದ ಸಂಗ್ರಾಹಕರೇ ಅವನ್ನು ಬರಿದು ಮಾಡಿಬಿಟ್ಟರು. ಪ್ರೀತಿಯಿಂದ ಬರೆದ ಪುಸ್ತಕ ಹಾಗೆ ಮಾಡಿತು. ಕೈಬಿಟ್ಟ ಪ್ರತಿ ತೊಟ್ಟಿಯ ಹಿಂದೆ ಬರಿದಾದ ಒಂದು ಹೊಂಡ ಇರುತ್ತೆ. ಇವತ್ತಿಗೂ ಟ್ಯಾಂಕಿನ ಮೀನು ಸತ್ತರೆ ಇನ್ನೊಂದು ತರುತ್ತಾರೆ. ಅದು ಎಲ್ಲಿಂದಲೋ ಬರಲೇಬೇಕಲ್ಲ?

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಹಳೆ ಅಕ್ವೇರಿಯಂ ಅಗ್ಗವಾಗುವುದು ಗಾಜು ಹಳತಾಗಿದ್ದಕ್ಕಲ್ಲ, ಅದರೊಳಗೆ ಬದುಕಿದ್ದನ್ನು ನಾವು ಸಾಗಿಸುವ ಮೊದಲೇ ಕೊಂದಿದ್ದಕ್ಕೆ. ನಿಮ್ಮಲ್ಲಿ ಯಾರಾದರೂ ಓಡುತ್ತಿರುವ ಫಿಲ್ಟರ್ ಸಮೇತ ಟ್ಯಾಂಕು ಕೊಟ್ಟಿದ್ದರೆ, ಕೊಂಡಿದ್ದರೆ, ಎಷ್ಟಕ್ಕೆ ಕುದುರಿತು, ಮೀನು ಹೇಗಿವೆ ಅಂತ ಕೆಳಗೆ ಬರೆಯಿರಿ. ಓದುವ ಆಸೆಯಿದೆ.