ನೆಲನೆಲ್ಲಿ: ಕಾಮಾಲೆ ಮದ್ದಿನ ಸಂಶೋಧನಾ ಇತಿಹಾಸ

ನೆಲನೆಲ್ಲಿ ಅಥವಾ ಕಿರುನೆಲ್ಲಿ ಯಕೃತ್ತಿನ ಕಾಯಿಲೆಗಳಿಗೆ, ಮುಖ್ಯವಾಗಿ ಕಾಮಾಲೆಗೆ, ಬಳಕೆಯಲ್ಲಿರುವ ಪುಟ್ಟ ಸಸ್ಯ. ಫಿಲಾಂಥಸ್ ಕುಲಕ್ಕೆ ಸೇರಿದ್ದು. ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳ ಅಂಚಿನಲ್ಲಿ, ಅಡಿಕೆ ತೋಟಗಳಲ್ಲಿ, ಮನೆಯಂಗಳದಲ್ಲಿ ಮಳೆ ಬಿದ್ದೊಡನೆ ಕಳೆಯಾಗಿ ಏಳುತ್ತದೆ. ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು ಮಲೆನಾಡಿನ ರೂಢಿ. ಜೊತೆಗೆ ಎಣ್ಣೆ, ಜಿಡ್ಡು ಬಿಡುವ ಪಥ್ಯ. ಆಯುರ್ವೇದದಲ್ಲಿ ಇದು ಭೂಮ್ಯಾಮಲಕಿ.

ಯಾವ ಗಿಡ?

ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ 10ನೇ ಸಂಪುಟದಲ್ಲಿ (1690) ಈ ಬಗೆಯ ಗಿಡದ ಚಿತ್ರವಿದೆ. 1753ರಲ್ಲಿ ಲಿನೇಯಸ್ ‘ಫಿಲಾಂಥಸ್ ನಿರುರಿ’ ಎಂಬ ಹೆಸರು ಕೊಟ್ಟ ಮೇಲೆ ಭಾರತದ ಸಸ್ಯಕೋಶಗಳೂ ಔಷಧ ಗ್ರಂಥಗಳೂ ಇಲ್ಲಿನ ನೆಲನೆಲ್ಲಿಗೆ ಅದೇ ಹೆಸರನ್ನು ಬಳಸುತ್ತ ಬಂದವು. 1950ರ ದಶಕದಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಜಿ.ಎಲ್. ವೆಬ್‌ಸ್ಟರ್ ನಿರುರಿ ಅಮೆರಿಕ ಖಂಡದ ಗಿಡವೆಂದು ಬಿಡಿಸಿ ಹೇಳಿದರು. 1985ರಲ್ಲಿ ಆರ್.ಎಲ್. ಮಿತ್ರ ಮತ್ತು ಎಸ್.ಕೆ. ಜೈನ್, ಭಾರತದ ಗ್ರಂಥಗಳಲ್ಲಿ ನಿರುರಿ ಎಂದು ದಾಖಲಾದದ್ದು ವಾಸ್ತವದಲ್ಲಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಮೂರು ಪ್ರಭೇದಗಳೆಂದು ತೋರಿಸಿದರು.

ಮೂರೂ ಮೇಲ್ನೋಟಕ್ಕೆ ಒಂದೇ. ಕಡ್ಡಿಯನ್ನು ಮಗುಚಿ, ಎಲೆಯ ಬುಡದಲ್ಲಿ ತೂಗುವ ಹೆಣ್ಣು ಹೂವನ್ನು ಮಸೂರದಡಿ ನೋಡಿದರೆ ಅಮಾರಸ್‌ನಲ್ಲಿ ಐದು ದಳಗಳು, ಉಳಿದೆರಡರಲ್ಲಿ ಆರು. ಇವುಗಳ ಜೊತೆ ಬೆರೆಯುವ ಇನ್ನೊಂದು ಪ್ರಭೇದ ಯೂರಿನೇರಿಯ. ಅದರ ಕಾಯಿಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಸಿಪ್ಪೆ ಒರಟು.

ಪ್ರಯೋಗಶಾಲೆಯಲ್ಲಿ

1946ರಲ್ಲಿ ಕೃಷ್ಣಮೂರ್ತಿ ಮತ್ತು ಟಿ.ಆರ್. ಶೇಷಾದ್ರಿ ಗಿಡದ ಕಹಿಗೆ ಕಾರಣವಾದ ಫಿಲಾಂಥಿನ್ ಅನ್ನು ವರ್ಣಿಸಿದರು. ಇಲಿಯ ಯಕೃತ್ಕೋಶಗಳನ್ನು ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷದಿಂದ ಇದು ಕಾಪಾಡುತ್ತದೆಂದು 1985ರಲ್ಲಿ ವರದಿಯಾಯಿತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ತಂಡ, 1987ರಲ್ಲಿ ಗಿಡದ ಸಾರ ಆ ವೈರಸ್‌ನ ಕಿಣ್ವವನ್ನು ತಡೆಯುತ್ತದೆಂದು ಪ್ರಕಟಿಸಿತು. ಆ ಪ್ರಬಂಧದ ಶೀರ್ಷಿಕೆಯಲ್ಲಿ ಇನ್ನೂ ನಿರುರಿ ಎಂದೇ ಇತ್ತು.

ಹೆಚ್ಚು ಚರ್ಚೆಗೊಳಗಾದದ್ದು 1988ರ ‘ಲ್ಯಾನ್ಸೆಟ್’ ಪ್ರಬಂಧ. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲೂಂಬರ್ಗ್ ಅವರೊಡನೆ, ಹೆಪಟೈಟಿಸ್ ಬಿ ವಾಹಕರಿಗೆ 30 ದಿನ ಅಮಾರಸ್ ಪುಡಿ ಕೊಟ್ಟರು. ಮದ್ದು ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಮೇಲ್ಮೈ ಪ್ರತಿಜನಕ ಕಾಣೆಯಾಯಿತು; ಹುಸಿ ಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆದರೆ 1990ರಲ್ಲಿ ಥಾಯ್ಲೆಂಡ್, 1994ರಲ್ಲಿ ನ್ಯೂಜಿಲೆಂಡ್ ಮತ್ತು ಭಾರತದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಲಭ್ಯ ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2011ರ ಕಾಕ್ರೇನ್ ಸಮೀಕ್ಷೆಯೂ ಹುಸಿ ಮದ್ದಿಗಿಂತ ಇದು ಮೇಲೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದಿತು. ಗಿಡದ ಪ್ರಭೇದ, ಬೆಳೆದ ನೆಲ, ಸಾರ ತೆಗೆದ ಬಗೆ ಬೇರೆ ಬೇರೆಯಾಗಿದ್ದುದರಿಂದ ಫಲವೂ ಬೇರೆಯಾಯಿತೆಂಬ ವಾದ ಇಂದಿಗೂ ಇತ್ಯರ್ಥವಾಗಿಲ್ಲ.

ಅಂಗಡಿಯ ಗಿಡ

ಈ ವಾದಕ್ಕೆ ಕರ್ನಾಟಕದಿಂದ ಬಂದ ಮುಖ್ಯ ದಾಖಲೆ 2010ರದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕನ್ನಡಿಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರಾದ ಕೆ.ಎನ್. ಗಣೇಶಯ್ಯ ಅವರ ತಂಡ, ದಕ್ಷಿಣ ಭಾರತದ 25 ಗಂಧಿಗೆ ಅಂಗಡಿಗಳ ಮಾದರಿಗಳನ್ನು ಗಿಡದ ಹೊರಲಕ್ಷಣ ಮತ್ತು ಡಿಎನ್‌ಎ ಎರಡರಿಂದಲೂ ಪರೀಕ್ಷಿಸಿತು. ಶೇ. 76ರಷ್ಟು ಮಾದರಿಗಳಲ್ಲಿ ಇದ್ದದ್ದು ಬಹುಪಾಲು ಅಮಾರಸ್. ಉಳಿದವುಗಳಲ್ಲಿ ಡೆಬಿಲಿಸ್, ಯೂರಿನೇರಿಯ ಮೊದಲಾದ ಬೇರೆ ಪ್ರಭೇದಗಳಿದ್ದವು. ಅಂದರೆ ಒಂದೇ ಹೆಸರಿನಲ್ಲಿ ಕೊಂಡ ಎರಡು ಪೊಟ್ಟಣಗಳಲ್ಲಿ ಒಂದೇ ಗಿಡ ಇರುತ್ತದೆಂಬ ಭರವಸೆಯಿಲ್ಲ.

ಇಂದಿನ ತಿಳಿವಳಿಕೆ

ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಹಾಗಾಗಿ ಮದ್ದು ಕುಡಿದು ವಾಸಿಯಾದವರ ಅನುಭವ ನಿಜವಿದ್ದರೂ ವಾಸಿಯಾದದ್ದು ಮದ್ದಿನಿಂದಲೇ ಎಂದು ಅದರಿಂದ ಸಿದ್ಧವಾಗದು. ತಿರುವನಂತಪುರದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೀವ್ರ ವೈರಲ್ ಹೆಪಟೈಟಿಸ್ ರೋಗಿಗಳ ಕಾಮಾಲೆಯ ಅವಧಿಯನ್ನು ಅಮಾರಸ್ ಗಮನಾರ್ಹವಾಗಿ ತಗ್ಗಿಸಲಿಲ್ಲ.

ಪಿತ್ತನಾಳದ ಕಲ್ಲು, ಗಡ್ಡೆ, ಮದ್ಯದಿಂದ ಕೆಟ್ಟ ಯಕೃತ್ತು, ಬಸುರಿಯರಲ್ಲಿ ಹೆಪಟೈಟಿಸ್ ಇ: ಇವುಗಳಲ್ಲಿ ಕಾಯುವುದೇ ಅಪಾಯ. ಕಾಮಾಲೆಯ ಜೊತೆ ಮಂಪರು, ಗೊಂದಲದ ಮಾತು, ರಕ್ತಸ್ರಾವ ಕಂಡರೆ ಅದು ಯಕೃತ್ತು ವಿಫಲವಾಗುತ್ತಿರುವ ಸೂಚನೆ. ಕೆಲವರಿಗೆ ಉಳಿಯುವ ದಾರಿ ಯಕೃತ್ತಿನ ಕಸಿಯೊಂದೇ. ಹೆಪಟೈಟಿಸ್ ಬಿಗೆ ಲಸಿಕೆಯಿದೆ, ವೈರಸ್ ಹತ್ತಿಕ್ಕುವ ಮಾತ್ರೆಗಳಿವೆ. ನೆಲನೆಲ್ಲಿಯ ಗುಣದ ಪ್ರಶ್ನೆ ಇನ್ನೂ ತೆರೆದೇ ಇದೆ. ಅದಕ್ಕೆ ಉತ್ತರ ಹುಡುಕುವವರು ಪ್ರಭೇದವನ್ನು ಖಚಿತಪಡಿಸಿ, ಒಣಗಿಸಿದ ಮಾದರಿಯನ್ನು ಸಸ್ಯಾಗಾರದಲ್ಲಿ ಇರಿಸಿ, ರೋಗಿಯ ಕಾಮಾಲೆಗೆ ಕಾರಣವನ್ನು ರಕ್ತಪರೀಕ್ಷೆಯಿಂದ ತಿಳಿದ ಮೇಲೆಯೇ ಮುಂದುವರಿಯಬೇಕು.